ಆಳ ಸರೋವರದ ಮರಳುಗಲ್ಲು: ಬಗ್ಗಡವಾಗಿ ಬಂತೋ, ಮುದ್ದೆಯಾಗಿ ಬಂತೋ? ಒಂದು ಕೋರ್ ಲಾಗ್ ಇಟ್ಟುಕೊಂಡು ಚರ್ಚೆ

ಕೋಟೆಬೆಟ್ಟ

ಎಲ್ಲರಿಗೂ ನಮಸ್ಕಾರ. ಪ್ರಾಚೀನ ಆಳ ಸರೋವರದ ಕಲ್ಲು ಎಂದು ಹೇಳಿ ಅಭ್ಯಾಸಕ್ಕೆ ಕೊಟ್ಟಿರುವ ಕೋರ್ ಲಾಗ್ ಇದು, ಅಂದರೆ ಬಾವಿ ಕೊರೆದು ತೆಗೆದ ಕಲ್ಲಿನ ಕಂಬದ (ಕೋರ್) ಪದರವಾರು ದಾಖಲೆ. ಒಟ್ಟು 4.10 ಮೀಟರ್, ಅಳತೆ ಅಡಿಯಿಂದ ಮೇಲಕ್ಕೆ.

ಎ) 0–0.35: ಕಪ್ಪು ಶೇಲ್ (ಹಾಳೆ ಹಾಳೆಯಾಗಿ ಸೀಳುವ ಜೇಡಿಗಲ್ಲು). ಕಾಗದದಂಥ ಪದರ, ಮೀನಿನ ಹುರುಪೆ, ಪೈರೈಟ್ (ಕಬ್ಬಿಣ-ಗಂಧಕದ ಹೊಳೆಯುವ ಖನಿಜ) ಚುಕ್ಕಿ.
ಬಿ) 0.35–1.85: ಸಣ್ಣ ಕಣದ ಮರಳುಗಲ್ಲು. ಒಳಗೆ ಗೆರೆಯಿಲ್ಲ, ಬರೀ ಮೊದ್ದು. ತಳ ನೇರ, ಕೊರೆತವಿಲ್ಲ. ಮೇಲಿನ 30 ಸೆಂ.ಮೀ.ನಲ್ಲಿ 1ರಿಂದ 6 ಸೆಂ.ಮೀ. ಜೇಡಿಗಲ್ಲಿನ ಚೂರುಗಳು ಅಡ್ಡಡ್ಡ ಮಲಗಿವೆ. ತಲೆ ಚೂಪು, ಏರುತಗ್ಗು.
ಸಿ) 1.85–2.00: ಕಪ್ಪು ಜೇಡಿಗಲ್ಲು.
ಡಿ) 2.00–2.40: ತಳದಲ್ಲಿ ಚಮಚದಾಕಾರದ ಕೊರೆತ. ಮಧ್ಯಮ ಮರಳು ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ. ಮೊದ್ದು, ನೇರ ಗೆರೆ, ಅಲೆಗುರುತು, ಹೂಳು, ಜೇಡಿ, ಇದೇ ಅನುಕ್ರಮ.
ಇ) 2.40–3.30: ಬಹಳ ಸಣ್ಣ ಮರಳು, ಮಧ್ಯಕ್ಕೆ ಬರುವಾಗ ಸ್ವಲ್ಪ ದಪ್ಪ, ಮತ್ತೆ ಸಣ್ಣ. ಒಂದರ ಮೇಲೊಂದು ಹತ್ತುವ ಅಲೆಗುರುತು, ಎಲೆಚೂರು, ಅಭ್ರಕ. ಮಧ್ಯದಲ್ಲಿ ಒಂದು ಸಣ್ಣ ಕೊರೆತದ ಮೈ.
ಎಫ್) 3.30–3.75: ಮಡಚಿಹೋದ ಮರಳು-ಜೇಡಿ ಪದರ.
ಜಿ) 3.75–4.10: ಶೇಲ್. ನಡುವೆ 7 ಸೆಂ.ಮೀ. ಮರಳುಗಲ್ಲು ಓರೆಯಾಗಿ ಸೀಳಿಕೊಂಡು ಹೋಗಿದೆ.

ಇಡೀ ಲಾಗ್‌ಗೆ ‘ಟರ್ಬಿಡೈಟ್’, ಅಂದರೆ ಬಗ್ಗಡ ಹರಿವು (ಟರ್ಬಿಡಿಟಿ ಹರಿವು) ಹಾಸಿದ ಪದರ, ಎಂದು ಬರೆದರೆ ಸಾಕೇ? ಕಪ್ಪು ಶೇಲ್ ನಡುವೆ ಮರಳು ಅಂದರೆ ಅದೇ ತಾನೆ?

ಸುತ್ತಿಗೆ

ಸಾಲದು. ಡಿ ಒಂದಕ್ಕೆ ಮಾತ್ರ ಆ ಹೆಸರು ಕಣ್ಣುಮುಚ್ಚಿ ಕೊಡಬಹುದು. ಬಿ ಮೇಲೆ ಜಗಳ ಗ್ಯಾರಂಟಿ. ಇ ಬೇರೆ ಜಾತಿ. ಎಫ್, ಜಿಗಳನ್ನು ಹರಿವಿನ ಲೆಕ್ಕಕ್ಕೇ ಸೇರಿಸಬೇಡಿ.

ಈ ಗೊಂದಲ ನಿಮ್ಮೊಬ್ಬರದಲ್ಲ. ಚೀನಾದ ಓರ್ಡೋಸ್ ಬೇಸಿನ್ನಿನಲ್ಲಿ ಟ್ರಯಾಸಿಕ್ ಕಾಲದ ಯಾನ್‌ಚಾಂಗ್ ಸ್ತರಗಳಿವೆ. ಅವನ್ನು 10 ಭಾಗ ಮಾಡಿದ್ದಾರೆ, ಮೇಲಿನಿಂದ ಚಾಂಗ್ 1, ಚಾಂಗ್ 2 ಎಂದು. ಸರೋವರ ಅತಿ ಆಳವಾಗಿದ್ದ ಕಾಲದ್ದು ಚಾಂಗ್ 7. ಅಲ್ಲಿನ ಹಾಗೂ ಅದರ ಮೇಲಿನ ಚಾಂಗ್ 6ರ ಮೊದ್ದು ಮರಳುಗಲ್ಲನ್ನು ಒಬ್ಬರು ಟರ್ಬಿಡೈಟ್ ಎಂದರು, ಇನ್ನೊಬ್ಬರು ಮರಳಿನ ಡೆಬ್ರಿಸ್ ಫ್ಲೋ (ಮುದ್ದೆ ಹರಿವು) ಎಂದರು, ಮತ್ತೊಬ್ಬರು ನೆರೆನೀರು ನೇರವಾಗಿ ತಳಕ್ಕೆ ಮುಳುಗಿ ತಂದದ್ದು ಎಂದರು. ಕಲ್ಲು ಅದೇ, ಓದು ಮೂರು. ಅದರಲ್ಲಿ ಎಣ್ಣೆ ಇರುವುದರಿಂದ ಇದು ಬರೀ ಹೆಸರಿನ ಜಗಳವೂ ಅಲ್ಲ. ಬಗ್ಗಡ ಹರಿವು ಮರಳನ್ನು ಹಾಳೆಯಂತೆ ದೂರಕ್ಕೆ ಹಾಸುತ್ತದೆ. ಮುದ್ದೆ ಹರಿವು ನಾಲಗೆಯಂತೆ ಚಾಚಿ ಥಟ್ಟನೆ ನಿಲ್ಲುತ್ತದೆ. ಮುಂದಿನ ಬಾವಿ ಎಲ್ಲಿ ತೋಡಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಕಲ್ಲುಪುಡಿ

ಅದಕ್ಕೂ ಮೊದಲು ‘ಆಳ ಸರೋವರ’ ಎಂಬುದನ್ನೇ ಸಾಬೀತು ಮಾಡಿ ತಮ್ಮಾ. ಕೊಟ್ಟವರು ಹೇಳಿದ್ದಾರೆ ಅಂತ ನಂಬಬೇಡ.

ಆಳ: ಬಿರುಗಾಳಿಯ ಅಲೆಯೂ ತಾಗದಷ್ಟು ಕೆಳಗೆ ಎಂದು ಅರ್ಥ. ಅಲೆಯ ಪ್ರಭಾವ ಅದರ ಉದ್ದದ ಅರ್ಧದಷ್ಟು ಆಳಕ್ಕೆ ಮುಗಿಯುತ್ತದೆ. ಉದ್ದ ಎಂದರೆ ಸುಮಾರು 1.56 ಗುಣಿಸು ಅವಧಿಯ ವರ್ಗ. 4 ಸೆಕೆಂಡಿನ ಅಲೆಗೆ 25 ಮೀಟರ್ ಉದ್ದ, ಅಂದರೆ 12–13 ಮೀಟರ್ ಕೆಳಗೆ ಅದರ ಆಟ ನಡೆಯದು. ಗಾಳಿ ಓಡಲು ಸಮುದ್ರದಷ್ಟು ಬಯಲು ಸಿಗದ ಸರೋವರದಲ್ಲಿ ‘ಆಳ’ ಬೇಗ ಶುರುವಾಗುತ್ತದೆ. ನೂರಾರು ಮೀಟರ್ ಬೇಕಿಲ್ಲ. ಕೋರ್‌ನಲ್ಲಿ ನೋಡಬೇಕಾದದ್ದು: ಶೇಲ್ ಗೆರೆ ಕದಡದೆ ಉಳಿದಿದೆಯೇ, ಪೈರೈಟ್ ಇದೆಯೇ, ಒಣಗಿದ ಬಿರುಕು, ಬೇರಿನ ಗುರುತು, ಎರಡೂ ಬದಿ ಸಮನಾದ ಅಲೆಗುರುತು ಇಲ್ಲವೇ ಇಲ್ಲವೇ ಅನ್ನುವುದು. ಬಿರುಕು, ಬೇರು, ಸಮ ಅಲೆಗುರುತು, ಈ ಮೂರರಲ್ಲಿ ಒಂದು ಸಿಕ್ಕರೂ ಆಳದ ಮಾತು ಬಿಡು.

ಸರೋವರವೋ ಸಮುದ್ರವೋ: ಶೇಲ್‌ನ ಸಾವಯವ ಇಂಗಾಲ ಮತ್ತು ಗಂಧಕದ ಅನುಪಾತ ತೆಗೆಸು. ಸಾಮಾನ್ಯ ಸಮುದ್ರದ ಕೆಸರಿನಲ್ಲಿ ಅದು 2.8ರ ಆಸುಪಾಸು. ಸಿಹಿನೀರಿನಲ್ಲಿ ಸಲ್ಫೇಟ್ ಕಡಿಮೆ, ಹಾಗಾಗಿ 10 ದಾಟುತ್ತದೆ. ಪೈರೈಟ್ ಚುಕ್ಕಿ ಅಲ್ಲಲ್ಲಿ ಇದ್ದರೆ ತೊಂದರೆಯಿಲ್ಲ, ಇಡೀ ಪದರವೇ ಮಿನುಗಿದರೆ ಅನುಮಾನಿಸು. ಮೀನಿನ ಹುರುಪೆ ಎರಡು ಕಡೆಯೂ ಸಿಗುತ್ತದೆ, ಅದು ಸಾಕ್ಷಿಯಲ್ಲ.

ಬರೆಬದಿ

ನಮ್ಮ ಕೊಡಗಿನಲ್ಲಿ ಮರಳುಗಲ್ಲೇ ಇಲ್ಲ. ಇರುವುದು ನೈಸ್, ಚಾರ್ನೊಕೈಟ್, ಅದರ ಮೇಲೆ ಕೊಳೆತ ಕೆಂಪು ಮಣ್ಣು. ಆದರೆ ಹರಿವಿನ ಪಾಠಕ್ಕೆ ಇದಕ್ಕಿಂತ ಒಳ್ಳೆ ಊರಿಲ್ಲ ಮಾರಾಯ್ರೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಆದದ್ದನ್ನು ಮೂರು ಭಾಗ ಮಾಡಿ ನೋಡಿ.

ಬರೆ (ಗುಡ್ಡದ ಕಡಿದಾದ ಬದಿ) ಜರಿದು, ಮಣ್ಣಿನ ಹೆಂಟೆ ಹೆಂಟೆಯಾಗಿಯೇ, ಮೇಲಿನ ಕಾಫಿ ಗಿಡ ಓರೆಯಾಗಿ ನಿಂತಂತೆಯೇ ಕೆಳಗೆ ಕೂತದ್ದು: ಸ್ಲಂಪ್. ಅದೇ ಮಣ್ಣು ನೀರು ಕುಡಿದು, ಮರ ಬಂಡೆ ಎಲ್ಲ ಹೊತ್ತು ಮುದ್ದೆಯಾಗಿ ಇಳಿದು, ಇಳಿಜಾರು ತಗ್ಗಿದ ಜಾಗದಲ್ಲಿ ಮುಂಭಾಗ ಗೋಡೆಯಂತೆ ನಿಂತುಬಿಟ್ಟದ್ದು: ಡೆಬ್ರಿಸ್ ಫ್ಲೋ. ಅದರಲ್ಲಿ ದೊಡ್ಡ ಕಲ್ಲು ತಳಕ್ಕೆ ಹೋಗಲೇಬೇಕೆಂದಿಲ್ಲ, ಮೇಲೂ ಇರುತ್ತದೆ, ಅಂಚಿನಲ್ಲೂ ಇರುತ್ತದೆ. ಮೂರನೆಯದು ತೋಡು, ಹೊಳೆಗಳಲ್ಲಿ ಹೋದ ಕೆಂಪು ಬಗ್ಗಡ. ಅದರ ಕಣಗಳನ್ನು ಎತ್ತಿ ಹಿಡಿದದ್ದು ನೀರಿನ ಸುಳಿ. ಸುಳಿ ಸತ್ತಂತೆ ದಪ್ಪ ಕಣ ಮೊದಲು, ಸಣ್ಣದು ಆಮೇಲೆ.

ಸರೋವರದ ತಳದಲ್ಲೂ ಈ ಮೂರೇ. ಕಲ್ಲಿನಲ್ಲಿ ಹುಡುಕಬೇಕಾದದ್ದು ಒಂದು ಪ್ರಶ್ನೆಗೆ ಉತ್ತರ: ಕೊನೆಯ ಗಳಿಗೆಯಲ್ಲಿ ಕಣವನ್ನು ಹಿಡಿದಿದ್ದದ್ದು ಯಾವುದು? ಸುಳಿಯಾದರೆ ಟರ್ಬಿಡೈಟ್. ಮುದ್ದೆಯ ಬಿಗಿಯಾದರೆ ಡೆಬ್ರೈಟ್.

ಸುತ್ತಿಗೆ

‘ಕೊನೆಯ ಗಳಿಗೆ’ ಅನ್ನುವುದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಮೇಲಿನ ಬದಿಯಲ್ಲಿ ಸ್ಲಂಪ್ ಆದದ್ದು ನಡುವೆ ಮುದ್ದೆಯಾಗಿ, ಮುಂದೆ ಬಗ್ಗಡವಾಗಬಹುದು. ಪದರ ಹೇಳುವುದು ಅದು ಕೂತ ಜಾಗದ ಸ್ಥಿತಿಯನ್ನು, ಹೊರಟ ಜಾಗದ್ದನ್ನಲ್ಲ.

ಡಿ ಪದರ ಬೇಗ ಮುಗಿಸೋಣ. ಆರ್ನಾಲ್ಡ್ ಬೌಮಾ 1962ರಲ್ಲಿ ಟರ್ಬಿಡೈಟಿಗೆ ಕೊಟ್ಟ ಐದು ಭಾಗದ ಅನುಕ್ರಮ ಪೂರ್ತಿ ಇದೆ. ತಳದ ಚಮಚದ ಕೊರೆತ ಸುಳಿ ಇಲ್ಲದೆ ಆಗುವುದಿಲ್ಲ, ಅದರ ಆಳವಾದ ಮೂತಿ ಹರಿವು ಬಂದ ದಿಕ್ಕಿಗಿರುತ್ತದೆ. ಕಣ ಸಣ್ಣದಾಗುವುದು ತಳದಿಂದ ತಲೆಯವರೆಗೂ ನಡೆದಿದೆಯೇ ಅಷ್ಟೇ ನೋಡಿ. ಬರೀ ಕೊನೆಯ 3 ಸೆಂ.ಮೀ.ನಲ್ಲಿ ಸಣ್ಣದಾದರೆ ಅದಕ್ಕೆ ಅಷ್ಟು ತೂಕ ಕೊಡಬೇಡಿ. ಕೈಯಿಂದಲೇ ಮುಟ್ಟಿ ನೋಡಬೇಕೆಂದರೆ ಹಿರಿಯೂರು, ರಾಣೆಬೆನ್ನೂರು ಕಡೆಯ ಗ್ರೇವ್ಯಾಕ್ (ಜೇಡಿ ಬೆರೆತ ಗಡಸು ಮರಳುಗಲ್ಲು) ಕಲ್ಲಿನಲ್ಲಿ ಈ ಶ್ರೇಣಿ ಸಿಗುತ್ತದೆ. ಅದು ಸರೋವರದ್ದಲ್ಲ, ವಯಸ್ಸೂ ಇನ್ನೂರೈವತ್ತು ಕೋಟಿ ವರ್ಷ ದಾಟಿದ್ದು, ಆದರೆ ಕಣ್ಣು ಪಳಗುತ್ತದೆ. ಬಾದಾಮಿಯ ಮರಳುಗಲ್ಲು ನೋಡಿ ಇದನ್ನು ಕಲಿಯಲು ಹೋಗಬೇಡಿ, ಅಲ್ಲಿರುವ ಓರೆ ಪದರಗಳ ಕಥೆ ಬೇರೆ.

ಕೋಟೆಬೆಟ್ಟ

ಹಾಗಾದರೆ ಬಿ ಮರಳಿನ ಡೆಬ್ರಿಸ್ ಫ್ಲೋ. ಮೊದ್ದು, ತಳ ಕೊರೆದಿಲ್ಲ, ಜೇಡಿ ಚೂರು ಮೇಲೆ ತೇಲಿದೆ, ತಲೆ ಚೂಪು. ನಾಲ್ಕಕ್ಕೆ ನಾಲ್ಕೂ ಹೊಂದುತ್ತದಲ್ಲ ಸರ್?

ಸುತ್ತಿಗೆ

ಭೂವಿಜ್ಞಾನಿ ಜಿ. ಷಣ್ಮುಗಂ ತೊಂಬತ್ತರ ದಶಕದಿಂದ ಹೇಳುತ್ತಾ ಬಂದದ್ದು ಅದನ್ನೇ. ‘ದಟ್ಟ ಟರ್ಬಿಡಿಟಿ ಹರಿವು’ ಎಂದು ಕರೆಯುವ ಬಹುಪಾಲು ಮರಳಿನ ಡೆಬ್ರಿಸ್ ಫ್ಲೋಗಳೇ ಎಂದು ಅವರ ವಾದ. ಆದರೂ ಅವಸರ ಬೇಡ. ಮೊದ್ದು ಎನ್ನುವುದು ರೋಗದ ಹೆಸರಲ್ಲ, ಜ್ವರ ಇದ್ದ ಹಾಗೆ. ಕನಿಷ್ಠ ಐದು ಕಾರಣಕ್ಕೆ ಬರುತ್ತದೆ: ಮುದ್ದೆ ಇದ್ದಲ್ಲೇ ಬಿಗಿದು ನಿಂತಾಗ, ದಟ್ಟ ಬಗ್ಗಡದಿಂದ ಮರಳು ಗೆರೆ ಮೂಡಲೂ ಬಿಡುವಿಲ್ಲದಂತೆ ಸುರಿದಾಗ, ನೆರೆ ಗಂಟೆಗಟ್ಟಲೆ ಒಂದೇ ಸಮ ಹರಿದಾಗ, ಕೂತ ಮರಳು ಆಮೇಲೆ ಕುಲುಕಿ ನೀರಾಗಿ ಗೆರೆ ಅಳಿಸಿದಾಗ, ಹುಳಗಳು ಕೆದಕಿದಾಗ.

ಆರನೆಯದು ನಮ್ಮ ಕಣ್ಣಿನ ತಪ್ಪು. 1962ರಲ್ಲಿ ಹ್ಯಾಂಬ್ಲಿನ್ ಅವರು ‘ಏಕರೂಪ’ ಎನಿಸಿದ್ದ ಮರಳುಗಲ್ಲನ್ನು ಎಕ್ಸ್-ರೇ ಹಿಡಿದಾಗ ಒಳಗೆ ಗೆರೆಗಳು ಕಂಡವು. ಕೋರನ್ನು ಉದ್ದಕ್ಕೆ ಸೀಳಿ, ಮುಖವನ್ನು ಉಜ್ಜಿ, ನೀರು ಸವರಿ, ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡುವುದು ಮೊದಲ ಕೆಲಸ. ಒಣಗಿದ, ಗರಗಸದ ಗೀರಿರುವ ಮುಖದ ಫೋಟೋ ನೋಡಿ ‘ಮೊದ್ದು’ ಎಂದು ಬರೆಯುವುದು ಈ ವಿಷಯದಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು.

ಎರಡನೆಯದು, ಒಂದೂವರೆ ಮೀಟರ್ ಒಂದೇ ಪದರವೇ? 10 ಸೆಂ.ಮೀ.ಗೆ ಒಮ್ಮೆ ಲೆನ್ಸ್ ಇಟ್ಟು ಕಣದ ಗಾತ್ರದ ಕಾರ್ಡ್ ಜೊತೆ ಹೋಲಿಸಿ, ಒಂದೊಂದು ಮಟ್ಟದಲ್ಲಿ ಮೂರು ಕಡೆ. ಗಾತ್ರ ಥಟ್ಟನೆ ಹಾರಿದ ಜಾಗ, ಅಡ್ಡ ಸಾಲಿನಲ್ಲಿ ಜೇಡಿ ಚೂರು, ಅಭ್ರಕದ ಒಂದೇ ಒಂದು ಎಳೆ, ಇವು ಎರಡು ಪದರ ಬೆಸೆದುಕೊಂಡ ಗುರುತು. ಇದನ್ನು ಬಿಟ್ಟರೆ ಐದು ಸಣ್ಣ ಘಟನೆಗಳು ಒಂದು ಮಹಾ ಘಟನೆಯಾಗಿ ಲಾಗ್ ಸೇರುತ್ತವೆ.

ಹಿನ್ನೀರು

ಜೇಡಿ ಚೂರು ಮೇಲಿದೆ ಎಂಬ ವಾದಕ್ಕೆ ಒಂದು ಆಕ್ಷೇಪ. ಪೋಸ್ಟ್ಮಾ, ನೆಮೆಕ್, ಕ್ಲೈನ್‌ಸ್ಪೆಹ್ನ್ 1988ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ: ಹರಿವಿನ ಕೆಳಗೆ ದಟ್ಟ ಪದರ, ಮೇಲೆ ತೆಳು ಸುಳಿಯ ಪದರ ಇದ್ದಾಗ ದೊಡ್ಡ ಚೂರುಗಳು ಎರಡರ ಗಡಿಯಲ್ಲಿ ಜಾರುತ್ತಾ ಬರುತ್ತವೆ. ಅಂದರೆ ಚೂರು ತೇಲಿದ್ದಕ್ಕೆ ಮುದ್ದೆಯೇ ಬೇಕೆಂದಿಲ್ಲ.

ಸುತ್ತಿಗೆ

ಒಪ್ಪಿದೆ. ಆದರೆ ಹಾಗಾಗಿದ್ದರೆ ಚೂರಿನ ಸಾಲಿನ ಮೇಲೆ ಆ ತೆಳು ಪದರದ ಗುರುತು ಬೇಕಲ್ಲ, ಗೆರೆಯಿರುವ ಸಣ್ಣ ಮರಳು, ಅಲೆಗುರುತು, ಏನಾದರೂ. ಬಿಯಲ್ಲಿ ಚೂರಿನ ಮೇಲೆ ನೇರ ಕಪ್ಪು ಜೇಡಿ.

ಹಿನ್ನೀರು

ಆ ಮೇಲಿನ ಪದರ ಮುಂದಕ್ಕೆ ಹೋಗಿಬಿಟ್ಟಿದ್ದರೆ? ಹೋಗಲಿ, ಅದು ಸಾಬೀತಾಗದ ಮಾತು. ಇನ್ನೊಂದು ಓದು ಇದೆ, ಅದನ್ನು ಪರೀಕ್ಷೆಗೆ ಒಡ್ಡಬಹುದು. ಹಾಟನ್ ಮತ್ತು ಸಂಗಡಿಗರು ‘ಹೈಬ್ರಿಡ್’ ಎಂದು ಕರೆದ ಪದರಗಳಲ್ಲಿ ಕೆಳಗೆ ಸ್ವಚ್ಛ ಮರಳು, ಮೇಲೆ ಜೇಡಿ ಬೆರೆತ, ಚೂರು ತುಂಬಿದ ಮರಳು, ಎರಡೂ ಒಂದೇ ಘಟನೆಯವು. ಮುಂದೆ ಓಡಿದ ಬಗ್ಗಡ ಮರಳನ್ನು ಹಾಸುತ್ತದೆ. ದಾರಿಯಲ್ಲಿ ತಳದ ಜೇಡಿಯನ್ನು ಕಿತ್ತುಕೊಂಡ ಹಿಂಭಾಗದಲ್ಲಿ ಸುಳಿ ಸತ್ತು, ಮುದ್ದೆಯಾಗಿ, ಅದರ ಮೇಲೆ ಬಂದು ಕೂರುತ್ತದೆ. ಬಿಯ ಕೆಳಗಿನ 1.20 ಮೀಟರ್ ಒಂದು, ಮೇಲಿನ 0.30 ಇನ್ನೊಂದು ಇರಬಹುದಲ್ಲ? ಎರಡರ ಗಡಿ ಕಣ್ಣಿಗೆ ಕಾಣದಿರಬಹುದು, ಜೇಡಿಯ ಪ್ರಮಾಣ ಮಾತ್ರ ಹಾರಿರುತ್ತದೆ.

0.45, 0.95, 1.45, 1.60, 1.80 ಮೀಟರ್‌ಗಳಲ್ಲಿ ಐದು ತೆಳುಛೇದ (ಸೂಕ್ಷ್ಮದರ್ಶಕದಲ್ಲಿ ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿದ ಕಲ್ಲಿನ ಬಿಲ್ಲೆ) ಮಾಡಿಸಿ. ಐದರಲ್ಲೂ ಜೇಡಿ ಒಂದೇ ಸಮವಾದರೆ ಸುತ್ತಿಗೆಯವರು ಗೆದ್ದರು. ಕೊನೆಯ ಎರಡರಲ್ಲಿ ಏರಿದ್ದರೆ ಹೈಬ್ರಿಡ್.

ಕೋಟೆಬೆಟ್ಟ

ತೆಳುಛೇದದ ಎಣಿಕೆ ಅಭ್ಯಾಸದ ಕಡತದಲ್ಲೇ ಇದೆ! ನೋಡಿರಲಿಲ್ಲ. ಅದೇ ಐದು ಮಟ್ಟದ ಆಸುಪಾಸಿನವು, ಒಂದೊಂದರಲ್ಲಿ 300 ಬಿಂದು, ಪ್ರತಿ ಬಿಂದುವಿನಡಿ ಏನಿದೆ ಎಂದು ಎಣಿಸಿದ್ದು. ಜೇಡಿ ಶೇಕಡಾ 4, 4, 5, 14, 17. ಹೈಬ್ರಿಡ್ ಆಯಿತಲ್ಲ?

ಕಲ್ಲುಪುಡಿ

ಆಗಲಿಲ್ಲ. ಎಣಿಸಿದ ಜೇಡಿಯೆಲ್ಲ ಹರಿವಿನ ಜೊತೆ ಬಂದದ್ದೇ ಎಂದು ಯಾರು ಹೇಳಿದರು? ಮೂರು ವೇಷ ಇದೆ ಅದಕ್ಕೆ.

ಒಂದು, ನಿಜವಾಗಿ ಹರಿವಿನಲ್ಲಿದ್ದ ಜೇಡಿ: ಕಣಗಳ ನಡುವೆ ಕೊಳಕಾಗಿ, ಹೂಳಿನ ಚೂರು ಬೆರೆತು ಇರುತ್ತದೆ. ಎರಡು, ಆಮೇಲೆ ಬೆಳೆದ ಜೇಡಿ: ಕಯೊಲಿನೈಟ್ ಪುಸ್ತಕದ ಹಾಳೆ ಜೋಡಿಸಿದಂತೆ ಸ್ವಚ್ಛವಾಗಿ ರಂಧ್ರದಲ್ಲಿ ಕೂತಿರುತ್ತದೆ, ಕ್ಲೋರೈಟ್ ಕಣದ ಸುತ್ತ ಅಂಚು ಕಟ್ಟುತ್ತದೆ. ಇದನ್ನು ಹರಿವಿನ ಲೆಕ್ಕಕ್ಕೆ ಸೇರಿಸಬಾರದು. ಮೂರು, ಹುಸಿ ಜೇಡಿ: ಮೆತ್ತನೆಯ ಜೇಡಿ ಚೂರು ಮೇಲಿನ ಭಾರಕ್ಕೆ ಹಿಸುಕಿ, ಗಟ್ಟಿ ಕ್ವಾರ್ಟ್ಜ್ ಕಣಗಳ ಸಂದಿಗೆ ನುಗ್ಗಿದ್ದು. ಅಂಚು ಬಾಲದಂತೆ ಎಳೆದಿರುತ್ತದೆ, ಬಣ್ಣ ಮತ್ತು ಹೂಳಿನ ಅಂಶ ಪಕ್ಕದ ಚೂರಿನದೇ ಆಗಿರುತ್ತದೆ. ನಿನ್ನ ಚೂರುಗಳಿರುವುದೇ ಮೇಲಿನ 30 ಸೆಂ.ಮೀ.ನಲ್ಲಿ, ಅಲ್ಲಿ ಜೇಡಿ ಹೆಚ್ಚು ಕಂಡದ್ದು ಇದರಿಂದಲೇ ಇರಬಹುದು. ಚಿತ್ರಗಳಿದ್ದರೆ ಬಿಂದುಗಳನ್ನು ಮತ್ತೆ ಬೇರ್ಪಡಿಸು. ಛೇದ 30 ಮೈಕ್ರಾನ್ ದಪ್ಪವಿದೆಯೇ ಎಂದೂ ನೋಡು, ದಪ್ಪಗಿದ್ದರೆ ಜೇಡಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ನೀಲಿ ರಾಳ ತುಂಬಿಸದ ಛೇದದಲ್ಲಿ ಖಾಲಿ ರಂಧ್ರಕ್ಕೂ ಉಜ್ಜುವಾಗ ಉದುರಿದ ಜಾಗಕ್ಕೂ ವ್ಯತ್ಯಾಸ ಗೊತ್ತಾಗದು.

ಹಿನ್ನೀರು

ಅವರು ಎಣಿಸಿ ಬರಲಿ, ಅಷ್ಟರೊಳಗೆ ಇ ಪದರ. ಸರೋವರವನ್ನು ಸಣ್ಣ ಸಮುದ್ರ ಎಂದುಕೊಂಡರೆ ಇಲ್ಲಿ ಎಡವುತ್ತೇವೆ.

ಹೊಳೆ ನೀರು ಸಮುದ್ರಕ್ಕೆ ಸೇರಿದಾಗ ಮೇಲೆ ತೇಲುತ್ತದೆ, ಕಡಲ ನೀರು ಘನ ಮೀಟರಿಗೆ ಸುಮಾರು 1025 ಕೆ.ಜಿ., ಹೊಳೆಯದು 998–1000. ಕ್ವಾರ್ಟ್ಜ್ ತೂಕದ ಹೂಳು 1 ಕೆ.ಜಿ. ಬೆರೆತರೆ ಸಾಂದ್ರತೆ 0.62 ಕೆ.ಜಿ. ಮಾತ್ರ ಏರುತ್ತದೆ, ಉಳಿದದ್ದು ಅದು ಹೊರದಬ್ಬಿದ ನೀರಿನ ಲೆಕ್ಕ. ಹಾಗಾಗಿ ಹೊಳೆ ಕಡಲ ತಳಕ್ಕೆ ಮುಳುಗಲು ಘನ ಮೀಟರಿಗೆ 40 ಕೆ.ಜಿ. ಆಸುಪಾಸು ಹೂಳು ಹೊರಬೇಕು. ಅಂಥ ಹೊಳೆಗಳು ಕಡಿಮೆ.

ಸಿಹಿ ಸರೋವರದಲ್ಲಿ? ಸರೋವರದ ತಳ 10 ಡಿಗ್ರಿ, ಹೊಳೆ 20 ಡಿಗ್ರಿ ಇದ್ದರೆ ವ್ಯತ್ಯಾಸ 1.5 ಕೆ.ಜಿ. ಅದಕ್ಕೆ 2.4 ಕೆ.ಜಿ. ಹೂಳು ಸಾಕು. ಹೊಳೆಯೇ ತಣ್ಣಗಿದ್ದರೆ ಹೂಳಿಲ್ಲದೆಯೂ ಮುಳುಗುತ್ತದೆ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಹಿನ್ನೀರಿಗೆ ಹೊಳೆ ಸೇರುವ ಕಡೆ ಕೆಂಪು ನೀರು ಒಂದು ಗೆರೆಯವರೆಗೆ ಬಂದು, ಅಲ್ಲಿಂದ ಮುಂದೆ ಮೇಲ್ಮೈ ತಿಳಿಯಾಗಿರುವುದು ಕಾಣುತ್ತದಲ್ಲ, ಕಸಕಡ್ಡಿ ಸಾಲುಗಟ್ಟಿ ನಿಲ್ಲುವ ಜಾಗ, ಅದೇ ಮುಳುಗುವ ಗೆರೆ. ಜಿನೀವಾ ಸರೋವರದಲ್ಲಿ ರೋನ್ ನದಿ ಹೀಗೆ ಮುಳುಗಿ ತಳದಲ್ಲಿ ಕಣಿವೆ ಕೊರೆದದ್ದನ್ನು ಫೋರೆಲ್ 1880ರ ದಶಕದಲ್ಲೇ ಬರೆದಿದ್ದಾರೆ.

ನೆರೆ ಏರುವಾಗ ಕಣ ದಪ್ಪವಾಗುತ್ತಾ ಹೋಗುತ್ತದೆ, ಇಳಿಯುವಾಗ ಸಣ್ಣದಾಗುತ್ತದೆ. ಇ ಪದರದ ಸಣ್ಣ–ದಪ್ಪ–ಸಣ್ಣ ಅದೇ. ಮಧ್ಯದ ಕೊರೆತ ನೆರೆಯ ನೆತ್ತಿ. ನೆತ್ತಿ ಜೋರಾಗಿದ್ದರೆ ಕೆಳಗಿನ ಏರುವ ಭಾಗವನ್ನೇ ತಿಂದುಹಾಕಿ, ಉಳಿದದ್ದು ಸಾಮಾನ್ಯ ಟರ್ಬಿಡೈಟಿನಂತೆ ಕಾಣುವುದೂ ಉಂಟು. ಹತ್ತುವ ಅಲೆಗುರುತು ಮೇಲಿಂದ ಮರಳು ಬಿಡದೆ ಸುರಿಯುತ್ತಿತ್ತು, ಹರಿವೂ ನಿಂತಿರಲಿಲ್ಲ ಎಂದು ಹೇಳುತ್ತದೆ. ಎಲೆ, ಅಭ್ರಕ ನೆಲದಿಂದ ನೇರ ಬಂದ ಸರಕು.

ಸುತ್ತಿಗೆ

ಇ ಪದರದ ಮೇಲೆ ಎಲೆ-ಅಭ್ರಕದ ತೆಳು ಜೋಡಿಗೆರೆ ಇಲ್ಲವಲ್ಲ? ನೆರೆಯ ಪದರಕ್ಕೆ ಅದೂ ಒಂದು ಲಕ್ಷಣ ಎಂದು ಓದುತ್ತೇವೆ.

ಹಿನ್ನೀರು

ಅದು ಕಡಲಿನ ಲಕ್ಷಣ ಸರ್. ಕಡಲಿನಲ್ಲಿ ಮುಳುಗಿದ ಹೊಳೆ ನೀರು ಮರಳು ಉದುರಿಸಿದ ಮೇಲೆ ಸುತ್ತಲಿನ ಉಪ್ಪು ನೀರಿಗಿಂತ ಹಗುರಾಗಿ ಮೇಲೇಳುತ್ತದೆ, ಎಲೆ ಅಭ್ರಕ ಅದರ ಜೊತೆ ಎದ್ದು ಆಮೇಲೆ ಮಳೆಯಂತೆ ಇಳಿಯುತ್ತವೆ. ಸಿಹಿ ಸರೋವರದಲ್ಲಿ ಒಳಗೂ ಸಿಹಿ, ಹೊರಗೂ ಸಿಹಿ, ಮೇಲೇಳಲು ಕಾರಣವೇ ಇಲ್ಲ. ಆ ಗೆರೆ ಇಲ್ಲದ್ದಕ್ಕೆ ಇ ಪದರವನ್ನು ಫೇಲ್ ಮಾಡಬೇಡಿ. ಬದಲಿಗೆ ಅದು ಢಾಳಾಗಿ ಕಂಡರೆ ನೀರು ಉಪ್ಪಾಗಿತ್ತೇ ಎಂದು ಶೇಲ್ ಅನುಪಾತ ಮತ್ತೆ ನೋಡಬೇಕು.

ಜೇಡಿಯದೂ ಹಾಗೆಯೇ. 2 ಮೈಕ್ರಾನ್ ಕಣ ನಿಂತ ನೀರಿನಲ್ಲಿ ದಿನಕ್ಕೆ 30 ಸೆಂ.ಮೀ. ಇಳಿಯುತ್ತದೆ. 50 ಮೀಟರ್ ಇಳಿಯಲು ಐದು ತಿಂಗಳ ಮೇಲೆ. ಉಪ್ಪಿದ್ದರೆ ಕಣಗಳು ಅಂಟಿಕೊಂಡು ಬೇಗ ಬೀಳುತ್ತವೆ, ಸಿಹಿನೀರಿನಲ್ಲಿ ಅಂಟುವುದು ಕಡಿಮೆ. ಹಾಗಾಗಿ ಸರೋವರದ ಮರಳು ಪದರದ ಮೇಲಿನ ಜೇಡಿ ಟೋಪಿ ಆ ಘಟನೆಯದೇ, ಅಥವಾ ಎಷ್ಟೋ ತಿಂಗಳ ಮಾಮೂಲಿ ಕೆಸರೇ ಎಂದು ಬಣ್ಣ, ಸಾವಯವ ಅಂಶ ನೋಡಿ ಬಿಡಿಸಬೇಕು.

ಬರೆಬದಿ

ಎಫ್ ಸ್ಲಂಪ್. ಆದರೆ ಎರಡು ಎಚ್ಚರ. ಮಡಿಕೆಯ ಮೇಲಿನ ಪದರ ಮಡಿಕೆಯ ತಲೆಯನ್ನು ಕತ್ತರಿಸಿ ನೇರವಾಗಿ ಕೂತಿದ್ದರೆ ಮಾತ್ರ ಅದು ಅಂದಿನದು. ಮೇಲಿನ ಶೇಲ್ ಕೂಡ ಮಡಚಿದ್ದರೆ ನಂತರದ ಭೂಚಲನೆಯದು, ಇಲ್ಲವೇ ಕೋರ್ ತೆಗೆಯುವಾಗ ತಿರುಚಿದ್ದು. ಕೊರೆಯುವಾಗ ಆದದ್ದಾದರೆ ತಿರುಚು ಕೋರಿನ ಅಂಚಿಗೆ ಹೋದಂತೆ ಹೆಚ್ಚಿ, ಸುತ್ತಲೂ ಒಂದೇ ಥರ ಕೆಳಗೆ ಬಾಗಿರುತ್ತದೆ. ಎರಡನೆಯದು, ಮಡಿಕೆ ಒಂದೇ ಪದರದೊಳಗೆ, ತಳ ತಲೆ ಎರಡೂ ನೇರವಾಗಿದ್ದರೆ ಅದು ಜಾರಿದ್ದಲ್ಲ, ನೀರು ಹೊರಚಿಮ್ಮಿ ಕದಡಿದ್ದು. ಎಫ್‌ನಲ್ಲಿ ಹಲವು ಮರಳು-ಜೇಡಿ ಪದರ ಒಟ್ಟಿಗೆ ಮಡಚಿವೆ, ಅದು ಜಾರುವಿಕೆಯ ಪರ.

ಜಿಯಲ್ಲಿರುವ 7 ಸೆಂ.ಮೀ. ಪದರವೇ ಅಲ್ಲ. ಕೆಳಗಿನ ಮರಳು ಒತ್ತಡಕ್ಕೆ ನೀರಾಗಿ ಶೇಲ್ ಸೀಳಿಕೊಂಡು ನುಗ್ಗಿದ್ದು. ಎರಡೂ ಅಂಚು ಚೂಪು, ಅಂಚಿನ ಶೇಲ್ ಚೂರುಗಳು ಚೂಪು ಮೂಲೆಯವು, ಎದುರು ಗೋಡೆಗೆ ಜೋಡಿಸಿದರೆ ಕೂರುತ್ತವೆ. ಓರೆ ಇದ್ದದ್ದರಿಂದ ಗೊತ್ತಾಯಿತು. ಅದೇ ಶೇಲ್ ಪದರಕ್ಕೆ ಸಮಾನಾಂತರವಾಗಿ ನುಗ್ಗಿದ್ದರೆ ಲಾಗ್‌ನಲ್ಲಿ ಇನ್ನೊಂದು ‘ಟರ್ಬಿಡೈಟ್’ ಹುಟ್ಟುತ್ತಿತ್ತು.

ಕಾಫಿಕಣ

ಕಣ ಗಾತ್ರದ ನಕ್ಷೆಯಿಂದ ಈ ಜಗಳ ತೀರುವುದಿಲ್ಲವೇ? ಪಸೇಗಾ ಅವರ ಸಿ–ಎಂ ನಕ್ಷೆಯಲ್ಲಿ (ಸಿ ಎಂದರೆ ಅತಿ ದಪ್ಪ ಶೇಕಡಾ 1ರ ಗಾತ್ರ, ಎಂ ಎಂದರೆ ಮಧ್ಯಮ ಗಾತ್ರ) ಬಿಂದುಗಳು ಕರ್ಣರೇಖೆಗೆ ಸಮಾನಾಂತರ ಬಂದರೆ ಟರ್ಬಿಡೈಟ್ ಎಂದು ಎಷ್ಟೋ ವರದಿಗಳಲ್ಲಿ ಇರುತ್ತದೆ.

ಕಲ್ಲುಪುಡಿ

ತೀರುವುದಿಲ್ಲ. ಇದ್ದ ಸರಕನ್ನೆಲ್ಲ ವಿಂಗಡಿಸದೆ ಒಟ್ಟಿಗೆ ಸುರಿದರೆ ಆ ಸಮಾನಾಂತರ ಬರುತ್ತದೆ. ಮುದ್ದೆ ಹರಿವೂ ಹಾಗೆಯೇ ಸುರಿಯುತ್ತದೆ. ಮೇಲಾಗಿ ಗಟ್ಟಿಯಾದ ಕಲ್ಲನ್ನು ಜರಡಿ ಹಿಡಿಯಲಾಗದು. ಛೇದದಲ್ಲಿ ಅಳೆದರೆ ಕಣದ ನಡುವನ್ನೇ ಕೊಯ್ದಿರುತ್ತೇವೆ ಎಂಬ ಖಾತರಿಯಿಲ್ಲ, ಗಾತ್ರ ಚಿಕ್ಕದೇ ಕಾಣುತ್ತದೆ. 300 ಕಣ ಅಳೆದಾಗ ಅತಿ ದಪ್ಪ ಶೇಕಡಾ 1 ಅಂದರೆ ಮೂರೇ ಮೂರು ಕಣ. ಆ ಮೂರು ಕಣದ ಮೇಲೆ ನಕ್ಷೆಯ ಅರ್ಧ ನಿಂತಿರುತ್ತದೆ!

ಕಾಫಿಕಣ

ಸರಿ ಅಕ್ಕ, ಬಿಟ್ಟೆ. ಹಾಗಾದರೆ ಇದನ್ನು ಕಣ್ಣಾರೆ ನೋಡಲು ಮೀನಿನ ಗಾಜಿನ ತೊಟ್ಟಿಯಲ್ಲಿ ಮಾಡಬಹುದೇ? ನಾಲ್ಕು ಅಡಿಯದಾದರೆ ಸಾಕಾ?

ಹಿನ್ನೀರು

ಸಾಕು. ಒಳಗೆ ಒಂದು ತುದಿಯಿಂದ ಅರ್ಧದವರೆಗೆ ಹಲಗೆ ಇಟ್ಟು 10 ಡಿಗ್ರಿ ಇಳಿಜಾರು ಮಾಡಿ, ಹಲಗೆಗೆ ಮರಳು ಅಂಟಿಸಿ. ನೀರು ತುಂಬಿ ಒಂದು ರಾತ್ರಿ ಬಿಡಿ, ತೊಟ್ಟಿಗೂ ಬಕೆಟಿಗೂ ಒಂದೇ ತಾಪ ಬರಲಿ.

ಅಂಬಲಿ ಹದ: 1 ಲೀಟರ್ ನೀರು, 100 ಗ್ರಾಂ ಸಣ್ಣ ಮರಳು, 30 ಗ್ರಾಂ ಜೇಡಿ. ಕಲಕುತ್ತಲೇ ಒಮ್ಮೆಗೇ ಸುರಿಯಿರಿ. ಮುಂಭಾಗ ಉಬ್ಬಿ, ಮೋಡದಂತೆ ಹೊರಳುತ್ತಾ ತುದಿಯವರೆಗೆ ಹೋಗುತ್ತದೆ. ಮುದ್ದೆ ಹದ: 1 ಕೆ.ಜಿ. ಸಣ್ಣ ಮರಳು, 30 ಗ್ರಾಂ ಬೆಂಟೊನೈಟ್, 400 ಮಿ.ಲೀ. ನೀರು. ಬೆಂಟೊನೈಟನ್ನು ಮೊದಲು ನೀರಿನಲ್ಲಿ ಹಾಕಿ ರಾತ್ರಿಯಿಡೀ ಉಬ್ಬಲು ಬಿಡಿ, ಇಲ್ಲದಿದ್ದರೆ ಗಂಟು ಗಂಟಾಗಿ ಪ್ರಯೋಗ ಕೆಡುತ್ತದೆ. ವಿದ್ಯುತ್ ಅರ್ಥಿಂಗ್ ಗುಂಡಿಗೆ ಹಾಕಲು ಮಾರುವ ಬೆಂಟೊನೈಟ್ ನಡೆಯುತ್ತದೆ. ಅದು ಹಲಗೆ ಇಳಿದು ತಳದಲ್ಲಿ ನಾಲಗೆಯಾಗಿ ನಿಲ್ಲುತ್ತದೆ, ಮೇಲ್ಮೈಯಿಂದ ತೆಳು ಬಗ್ಗಡವೂ ಏಳುತ್ತದೆ. ಒಂದೇ ಸುರಿತದಿಂದ ಎರಡು ಬಗೆಯ ಪದರ ಹೇಗೆ ಬರುತ್ತದೆ ಎಂಬುದಕ್ಕೆ ಅಲ್ಲೇ ಉತ್ತರ.

ಮಾರ್ ಮತ್ತು ಸಂಗಡಿಗರು 2001ರಲ್ಲಿ ಮಾಡಿದ ಪ್ರಯೋಗದಲ್ಲಿ ಮರಳು ಮುದ್ದೆಯಾಗಿ ಹರಿಯಲು ತೂಕದ ಶೇಕಡಾ 0.7ರಿಂದ 5ರಷ್ಟು ಬೆಂಟೊನೈಟ್ ಸಾಕಾಯಿತು, ಕಯೊಲಿನೈಟ್ ಆದರೆ 7ರಿಂದ 25 ಬೇಕಾಯಿತು, ನೀರು 25–40. ನಮ್ಮ ಕೆಂಪು ಮಣ್ಣಿನಲ್ಲಿ ಹೆಚ್ಚಿಗೆ ಇರುವುದು ಕಯೊಲಿನೈಟ್. ತೋಟದ ಮಣ್ಣು ಬಳಸುವವರು 30 ಗ್ರಾಂ ಹಾಕಿ ‘ಮುದ್ದೆ ಆಗಲಿಲ್ಲ’ ಅನ್ನಬೇಡಿ, ಜರಡಿ ಹಿಡಿದ ನಯ ಮಣ್ಣು 200 ಗ್ರಾಂನಿಂದ ಶುರು ಮಾಡಿ. ಕಲ್ಲಿನ ಓದಿಗೂ ಇದು ಮುಖ್ಯ: ಜೇಡಿ ಎಷ್ಟು ಎನ್ನುವುದರ ಜೊತೆ ಯಾವ ಜೇಡಿ ಎಂದೂ ಕೇಳಬೇಕು. ಶೇಕಡಾ 4 ಜೇಡಿ ಉಬ್ಬುವ ಜಾತಿಯದಾಗಿದ್ದರೆ ಬಿಯ ಕೆಳಭಾಗವೂ ಮುದ್ದೆಯಾಗಿ ಬಂದಿರಬಹುದು.

ಸುತ್ತಿಗೆ

ನನ್ನ ಪರವಾಗಿ ನೀವೇ ವಾದಿಸಿದಿರಿ, ಉಪಕಾರ. ಆದರೆ ಆಳದಲ್ಲಿ ಹೂತ ಸ್ಮೆಕ್ಟೈಟ್ (ಉಬ್ಬುವ ಜೇಡಿ) ಇಲೈಟ್ (ಉಬ್ಬದ ಜೇಡಿ) ಆಗಿಬಿಟ್ಟಿರುತ್ತದೆ, ಅಂದು ಯಾವ ಜೇಡಿ ಇತ್ತು ಎಂದು ಇಂದಿನ ಎಕ್ಸ್-ರೇ ನೇರವಾಗಿ ಹೇಳದು.

ಕೋಟೆಬೆಟ್ಟ

ಬಿಂದುಗಳನ್ನು ಚಿತ್ರ ನೋಡಿ ಬೇರ್ಪಡಿಸಿದೆ ಅಕ್ಕ. 1.80ರ ಛೇದದಲ್ಲಿ 17ರ ಪೈಕಿ 6 ಹುಸಿ ಜೇಡಿ, ಬಾಲ ಎಳೆದದ್ದು. ಉಳಿದದ್ದು 11. 1.60ರಲ್ಲಿ 14ರಿಂದ 10ಕ್ಕೆ ಇಳಿಯಿತು. ಕೆಳಗಿನ ಮೂರು ಹಾಗೆಯೇ ಇವೆ.

ಇನ್ನೊಂದು: ಇದಕ್ಕೆಲ್ಲ ಕಾರಣ ಭೂಕಂಪ ಎಂದು ಬರೆಯಬಹುದೇ? ಎಫ್, ಜಿ ಎರಡೂ ಇವೆಯಲ್ಲ.

ಕಲ್ಲುಪುಡಿ

300 ಬಿಂದುವಿನಲ್ಲಿ ಶೇಕಡಾ 4 ಎಂದರೆ ಆಚೆ ಈಚೆ 2.3. ಅಂದರೆ 6.3ರವರೆಗೆ ಹೋಗಬಹುದು. 11 ಎಂದರೆ ಆಚೆ ಈಚೆ 3.6, ಅಂದರೆ 7.4ಕ್ಕೆ ಇಳಿಯಬಹುದು. ಎರಡೂ ಮುಟ್ಟಿಕೊಳ್ಳಲಿಲ್ಲ, ಆದರೆ ನಡುವೆ 1 ಮಾತ್ರ ಉಳಿಯಿತು. 500ಕ್ಕೆ ಏರಿಸಿದರೆ ಅಂತರ 2.5ರ ಹತ್ತಿರ ಹೋಗುತ್ತದೆ. ಅಷ್ಟು ಮಾಡಿ ಹೈಬ್ರಿಡ್ ಎಂದು ಬರೆ.

ಬರೆಬದಿ

ಭೂಕಂಪ ಬರೆಯಬೇಡಿ. 2018ರಲ್ಲಿ ಇಲ್ಲಿ ಗುಡ್ಡ ಜರಿದದ್ದು ಮಳೆಗೆ. ಜರಿದ ಗುರುತು ನೋಡಿ ಕಾರಣ ಹೇಳಲು ಬರುವುದಿಲ್ಲ. ಡೆಲ್ಟಾದ ಮೂತಿ ತನ್ನ ಭಾರಕ್ಕೇ ಕುಸಿಯಬಹುದು, ಸರೋವರದ ಮಟ್ಟ ಥಟ್ಟನೆ ಇಳಿದರೂ ಕುಸಿಯಬಹುದು. ಭೂಕಂಪ ಎನ್ನಲು ಒಂದೇ ಮಟ್ಟದಲ್ಲಿ ಸರೋವರದ ಬೇರೆ ಬೇರೆ ಇಳಿಜಾರುಗಳು ಒಟ್ಟಿಗೆ ಜಾರಿರಬೇಕು. ಸ್ವಿಟ್ಜರ್ಲೆಂಡಿನ ಲುಸರ್ನ್ ಸರೋವರದಲ್ಲಿ 1601ರ ಭೂಕಂಪಕ್ಕೆ ಹಾಗೆ ಆಯಿತು. ಹಲವು ಕಡೆ ಜಾರಿಕೆ, ಅದರ ಮೇಲೆ ತಗ್ಗಿನಲ್ಲೆಲ್ಲ ಒಂದೇ ಸಮನಾದ ದಪ್ಪ ಪದರ. ಅಲ್ಲಿ ಬರೆದಿಟ್ಟ ಚರಿತ್ರೆಯೂ ಇತ್ತು. ನಿಮ್ಮ ಹತ್ತಿರ ಇರುವುದು ಒಂದು ಬಾವಿ.

ಸುತ್ತಿಗೆ

ಇ ಪದರಕ್ಕೆ ಮಾತ್ರ ‘ನೆರೆ’ ಎಂದು ಕಾರಣ ಬರೆಯಬಹುದು. ಅಲ್ಲಿ ಏರಿಳಿತವೇ ಕಲ್ಲಿನಲ್ಲಿ ಅಚ್ಚಾಗಿದೆ. ಗಾಮಾ ಲಾಗ್ (ಬಾವಿಯಲ್ಲಿ ಕಲ್ಲಿನ ಸಹಜ ವಿಕಿರಣ ಅಳೆದ ಗೆರೆ) ಬಂದರೆ ಅದರ ಆಕಾರ ನೋಡಿ ಇದನ್ನೆಲ್ಲ ತಿದ್ದಲು ಹೋಗಬೇಡಿ. ಫೆಲ್ಡ್‌ಸ್ಪಾರ್ ಹೆಚ್ಚಿರುವ ಮರಳುಗಲ್ಲಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಸ್ವಚ್ಛ ಮರಳೂ ಜೇಡಿಯಂತೆ ತೋರುತ್ತದೆ, 7 ಸೆಂ.ಮೀ. ಪದರವನ್ನಂತೂ ಅದು ನೋಡುವುದೇ ಇಲ್ಲ.

ಕೋಟೆಬೆಟ್ಟ

ಬಿಗೆ ಹೀಗೆ ಬರೆದಿದ್ದೇನೆ: ‘ಕೆಳಗೆ 1.20 ಮೀ. ಮೊದ್ದು ಸಣ್ಣ ಮರಳು, ಜೇಡಿ 4–5, ಮೇಲೆ 0.30 ಮೀ. ಚೂರು ಸಹಿತ ಮರಳು, ಜೇಡಿ 10–11, ಹುಸಿ ಜೇಡಿ ಕಳೆದು. ಹೈಬ್ರಿಡ್ ಪದರ; ಕೆಳಭಾಗ ದಟ್ಟ ಬಗ್ಗಡದ್ದೋ ಮುದ್ದೆಯದ್ದೋ ತೀರ್ಮಾನವಾಗಿಲ್ಲ, ಎಕ್ಸ್-ರೇ ಬೇಕು. ಕಾರಣ: ಖಾಲಿ.’ ಎಫ್ ಮಡಿಕೆಯಿಂದ ಇಳಿಜಾರಿನ ದಿಕ್ಕು ತೆಗೆಯಬಹುದೇ?

ಬರೆಬದಿ

ಕೋರಿನ ಮೇಲೆ ಉತ್ತರದ ಗೆರೆ ಎಳೆದಿದ್ದರೆ ಆಗುತ್ತದೆ. ಮಡಿಕೆಯ ಅಕ್ಷ ಸಾಮಾನ್ಯವಾಗಿ ಇಳಿಜಾರಿಗೆ ಅಡ್ಡ, ಮಗುಚಿದ ಮೂತಿ ಕೆಳಮುಖಕ್ಕೆ. ಒಂದು ಮಡಿಕೆ ಸಾಲದು, ನಾಲ್ಕೈದಾದರೂ ಅಳೆಯಿರಿ. ಗೆರೆ ಇಲ್ಲದ ಕೋರ್ ಆದರೆ ಬಾವಿಯ ಗೋಡೆಯ ಚಿತ್ರದಲ್ಲಿ ಜಿಯ ಓರೆ ಸೀಳನ್ನು ಹುಡುಕಿ, ಅದನ್ನೇ ಗುರುತಾಗಿಟ್ಟು ಕೋರನ್ನು ತಿರುಗಿಸಿ ಹೊಂದಿಸಿ. ಡಬ್ಬಿಯಲ್ಲಿ ಎಫ್ ಮತ್ತು ಜಿ ನಡುವೆ ತುಂಡಾಗಿದ್ದರೆ ಎರಡು ತುದಿಗಳೂ ಕೂರುತ್ತವೆಯೇ ಎಂದು ಮೊದಲು ನೋಡಿಕೊಳ್ಳಿ.